ಲೆಕ್ಕ ಕೊಡದವರ ಎಡ, ಬಲ

ಯಲ್ಲಾಪುರ ವಿಧಾನಸಭಾ ಕ್ಷೇತ್ರದ ಎರಡು ಚುನಾವಣೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2018ರಲ್ಲಿ ಕಾಂಗ್ರೆಸ್ಸಿನಿಂದ ನಿಂತವರು ಶಿವರಾಮ ಹೆಬ್ಬಾರ, ಬಿಜೆಪಿಯಿಂದ ನಿಂತವರು ವಿ.ಎಸ್. ಪಾಟೀಲ. ಹೆಬ್ಬಾರರು ಸುಮಾರು ಒಂದೂವರೆ ಸಾವಿರ ಮತಗಳಿಂದ ಗೆದ್ದರು. 2023ರಲ್ಲಿ ಬಿಜೆಪಿಯಿಂದ ನಿಂತವರು ಶಿವರಾಮ ಹೆಬ್ಬಾರ, ಕಾಂಗ್ರೆಸ್ಸಿನಿಂದ ನಿಂತವರು ವಿ.ಎಸ್. ಪಾಟೀಲ. ಆ ಸಲವೂ ಹೆಬ್ಬಾರರೇ ಗೆದ್ದರು, ಸುಮಾರು ನಾಲ್ಕು ಸಾವಿರ ಮತಗಳಿಂದ. ಅದೇ ಇಬ್ಬರು, ಅದೇ ಕ್ಷೇತ್ರ, ಅದೇ ಜನ. ಅದಲು ಬದಲಾದದ್ದು ಹೆಗಲ ಮೇಲಿನ ಶಾಲು.

ನಡುವೆ ನಡೆದದ್ದು ರಾಜ್ಯಕ್ಕೇ ಗೊತ್ತಿದೆ. 2019ರಲ್ಲಿ ಮೈತ್ರಿ ಸರ್ಕಾರ ಬಿದ್ದಾಗ ಅನರ್ಹಗೊಂಡ ಹದಿನೇಳು ಶಾಸಕರಲ್ಲಿ ಹೆಬ್ಬಾರರೂ ಒಬ್ಬರು. ಡಿಸೆಂಬರಿನ ಉಪಚುನಾವಣೆಯಲ್ಲಿ ಕಮಲದ ಗುರುತಿನ ಮೇಲೆ ನಿಂತು ಮೂವತ್ತೊಂದು ಸಾವಿರದಷ್ಟು ಅಂತರದಿಂದ ಗೆದ್ದರು, ಮಂತ್ರಿಯಾದರು. 2024ರ ಫೆಬ್ರವರಿಯ ರಾಜ್ಯಸಭಾ ಚುನಾವಣೆಯ ದಿನ ಮತ ಹಾಕಲು ಬರಲಿಲ್ಲ. 2025ರ ಮೇ ತಿಂಗಳಲ್ಲಿ ಬಿಜೆಪಿ ಅವರನ್ನು ಆರು ವರ್ಷಕ್ಕೆ ಹೊರಗೆ ಹಾಕಿತು. ಪಕ್ಷ ಬಿಟ್ಟು ಪಕ್ಷಕ್ಕೆ ಹಾರಿದವರು ಇವರಿಬ್ಬರೇ ಅಲ್ಲ, ಇವರೇ ಮೊದಲಿಗರೂ ಅಲ್ಲ. ನನ್ನ ಹೊಟ್ಟೆಯ ಉರಿ ಬೇರೆಯದು. ಅವರು ಹಾರಿದರು, ಅವರಿಗಾಗಿ ಕಚ್ಚಾಡಿದ ನಮ್ಮೂರಿನವರು ಬಿದ್ದಲ್ಲೇ ಬಿದ್ದಿದ್ದಾರೆ.

ನನ್ನದು ಚಂದಗುಳಿಯ ಸೀಮೆ. ಹರಕೆ ತೀರಿದವರು ಬಂದು ಗಂಟೆ ಕಟ್ಟಿ ಹೋಗುವ ಸಿದ್ಧಿವಿನಾಯಕನ ಊರು. ಘಂಟೆ ಗಣಪತಿ ಎಂದರೆ ಹುಬ್ಬಳ್ಳಿ, ಧಾರವಾಡದವರಿಗೂ ಗೊತ್ತು. ಸುತ್ತಲೂ ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಕಾಡು. ಚಳಿಗಾಲದಲ್ಲಿ ಕೊನೆಕೊಯ್ಲು ಶುರುವಾಯಿತೆಂದರೆ ಸಂಜೆಯಿಂದ ರಾತ್ರಿ ಹತ್ತು ಹನ್ನೊಂದರವರೆಗೆ ಅಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ. ಮೆಟ್ಟುಗತ್ತಿಗಳು ಸಾಲಾಗಿ ಕೂರುತ್ತವೆ. ಅದರ ಮುಂದೆ ಸಿದ್ದಿ, ಮರಾಠಿ, ನಾಯ್ಕ, ಗೌಡ ಎನ್ನದೆ ಹೆಂಗಸರು ಗಂಡಸರು ಕೂರುತ್ತಾರೆ. ಕೈ ತನ್ನ ಪಾಡಿಗೆ ಸುಲಿಯುತ್ತಿರುತ್ತದೆ, ಬಾಯಿ ತನ್ನ ಪಾಡಿಗೆ ಲೋಕದ ಸುದ್ದಿ ಆಡುತ್ತಿರುತ್ತದೆ. ನಾನು ರಾಜಕೀಯ ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, ಆ ಅಂಗಳದಲ್ಲಿ. ಇಂದಿರಾ ಗಾಂಧಿಯನ್ನು ಬೈದವರು, ಹೊಗಳಿದವರು, ರಾಮಕೃಷ್ಣ ಹೆಗಡೆಯವರು ನಮ್ಮವರು ಎಂದವರು, ನಮಗೇನು ಮಾಡಿದರು ಎಂದು ಕೇಳಿದವರು ಎಲ್ಲ ಒಂದೇ ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಕೂತಿದ್ದರು. ಏಳುವ ಮೊದಲು ಒಬ್ಬೊಬ್ಬರು ಸುಲಿದ ಅಡಿಕೆಯನ್ನೂ ಡಬ್ಬದಿಂದ ಅಳೆಯಬೇಕು. ಅಳೆದು, ಬರೆದು, ಇಷ್ಟು ಎಂದು ಹೇಳಿದ ಮೇಲೆಯೇ ಕೈ ತೊಳೆಯುವುದು. ಲೆಕ್ಕ ಒಪ್ಪಿಸದೆ ಆ ಅಂಗಳದಿಂದ ಯಾರೂ ಎದ್ದು ಹೋಗುತ್ತಿರಲಿಲ್ಲ.

ಆ ಅಂಗಳ ಒಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಕೇರಿಯಲ್ಲಿ ಮೇಲಿನಮನೆ, ಕೆಳಗಿನಮನೆ ಎಂದು ಎರಡು ಮನೆ. ಎರಡೂ ಮನೆಯ ಯಜಮಾನರು ಒಂದೇ ವಾರಿಗೆಯವರು, ಒಂದೇ ಶಾಲೆಗೆ ಹೋದವರು. 2018ರಲ್ಲಿ ಮೇಲಿನಮನೆಯವನು ಹೆಬ್ಬಾರರ ಕಡೆ, ಕೆಳಗಿನಮನೆಯವನು ಪಾಟೀಲರ ಕಡೆ. ಅಂಗಳದಲ್ಲಿ ಕೂತು ಮೇಲಿನಮನೆಯವನು ಕೆಳಗಿನಮನೆಯವನನ್ನು ‘ಭಕ್ತ’ ಎಂದ, ಕೆಳಗಿನಮನೆಯವನು ಮೇಲಿನಮನೆಯವನನ್ನು ‘ಗುಲಾಮ’ ಎಂದ. ಆ ಎರಡು ಶಬ್ದಗಳೂ ನಮ್ಮ ಊರಿನಲ್ಲಿ ಹುಟ್ಟಿದವಲ್ಲ. ಭಕ್ತ ಎಂದರೆ ನಮ್ಮಲ್ಲಿ ಗಂಟೆ ಕಟ್ಟಲು ಬಂದವನು. ಗುಲಾಮ ಎಂಬ ಮಾತನ್ನು ನಮ್ಮ ಅಜ್ಜಂದಿರು ಆಡುತ್ತಿರಲಿಲ್ಲ, ಯಾಕೆಂದರೆ ಗೇಣಿ ಒಕ್ಕಲಿನವರಿಗೆ ಅದರ ಅರ್ಥ ಚೆನ್ನಾಗಿ ಗೊತ್ತಿತ್ತು. ಮೊಬೈಲಿನಿಂದ ಇಳಿದ ಆ ಶಬ್ದಗಳು ಅಂಗಳಕ್ಕೆ ಬಿದ್ದವು. 2019ರಲ್ಲಿ ಹೆಬ್ಬಾರರು ಕಮಲ ಹಿಡಿದರು, ಆಮೇಲೆ ಪಾಟೀಲರು ಕಾಂಗ್ರೆಸ್ ಸೇರಿದರು. ಎರಡೂ ಮನೆಯವರು ತಂತಮ್ಮ ನಾಯಕರ ಹಿಂದೆ ಹೋದರು. 2023ರಲ್ಲಿ ಅದೇ ಅಂಗಳದಲ್ಲಿ ಕೆಳಗಿನಮನೆಯವನು ಮೇಲಿನಮನೆಯವನಿಗೆ ‘ಭಕ್ತ’ ಎಂದ, ಮೇಲಿನಮನೆಯವನು ಕೆಳಗಿನಮನೆಯವನಿಗೆ ‘ಗುಲಾಮ’ ಎಂದ. ಬೈಗುಳ ಮನೆ ಬದಲಿಸಿತು, ದ್ವೇಷ ಬದಲಿಸಲಿಲ್ಲ. ಒಂದು ರಾತ್ರಿ ಮಾತು ಹುಟ್ಟಿನವರೆಗೆ ಹೋಯಿತು. ಕೆಳಗಿನಮನೆಯವನು ಅರ್ಧ ಸುಲಿದ ಡಬ್ಬ ಬಿಟ್ಟು ಎದ್ದುಹೋದ. ಆ ವರ್ಷದಿಂದ ಅವನ ಹೆಂಡತಿ ಎರಡು ಮೈಲಿ ಆಚೆಯ ಅಂಗಳಕ್ಕೆ ಸುಲಿಯಲು ಹೋಗುತ್ತಾಳೆ.

ಇದನ್ನೇ ಪೇಟೆಯವರು ‘ಎಡ, ಬಲದ ಸೈದ್ಧಾಂತಿಕ ಸಂಘರ್ಷ’ ಎನ್ನುತ್ತಾರೆ. ಯಾವ ಸಿದ್ಧಾಂತ? ನಮ್ಮ ಕಡೆ ಬಿಜೆಪಿಗೆ ಮತ ಹಾಕದವನೆಲ್ಲ ‘ಎಡಚ’, ಹಾಕಿದವನೆಲ್ಲ ‘ಚಡ್ಡಿ’. ಕಾರ್ಮಿಕ ಎಂದರೆ ಯಾರು, ಬಂಡವಾಳ ಎಂದರೆ ಯಾವುದು, ಸಂಪ್ರದಾಯವನ್ನು ಯಾಕೆ ಉಳಿಸಬೇಕು, ಯಾವುದನ್ನು ಮುರಿಯಬೇಕು ಎಂಬ ಒಂದು ಪ್ರಶ್ನೆಯನ್ನಾದರೂ ಈ ಎರಡು ಗುಂಪುಗಳು ನಮ್ಮ ಹಳ್ಳಿಗೆ ತಂದಿವೆಯೇ? 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ರಾಜನ ಅಧಿಕಾರ ಇರಲಿ ಎಂದವರು ಅಧ್ಯಕ್ಷರ ಬಲಕ್ಕೆ ಕೂತರು, ಬೇಡ ಎಂದವರು ಎಡಕ್ಕೆ ಕೂತರು. ಆ ಎಡಬಲಕ್ಕೆ ಒಂದು ಪ್ರಶ್ನೆ ಇತ್ತು. ಕನ್ನಡ ನಾಡಿಗೆ ಅದಕ್ಕಿಂತ ಹಳೆಯದಾದ ತನ್ನದೇ ಎಡಗೈ, ಬಲಗೈ ಇದೆ. ಜಾತಿಗಳನ್ನು ಎರಡು ಪಂಗಡ ಮಾಡಿದ ಆ ಗೆರೆ ಇವತ್ತಿಗೂ ದಲಿತರ ನಡುವೆ ಉಳಿದಿದೆ. ಎಡಗೈಯವರು ದಶಕಗಳ ಕಾಲ ಬೀದಿಗಿಳಿದು ಕೇಳಿದ್ದು ಒಂದೇ ಮಾತು: ಮೀಸಲಾತಿಯಲ್ಲಿ ನಮ್ಮ ಪಾಲು ಎಷ್ಟು, ಹೇಳಿ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ಬಿಟ್ಟಿತು. 2025ರ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟ ಶೇಕಡಾ 17ನ್ನು 6, 6, 5 ಎಂದು ಹಂಚಿತು. ಆ ಹಂಚಿಕೆ ಸರಿಯೋ ತಪ್ಪೋ ಎಂಬ ಜಗಳ ಇನ್ನೂ ಇದೆ, ಇರಲಿ. ಅದು ಲೆಕ್ಕದ ಜಗಳ. ಹೊಟ್ಟೆಗೆ, ಶಾಲೆಗೆ, ನೌಕರಿಗೆ ಸಂಬಂಧಪಟ್ಟ ಜಗಳ. ಅಂಥ ಎಡಬಲಕ್ಕೆ ನಾನು ತಲೆಬಾಗುತ್ತೇನೆ. ಇವರ ಎಡಬಲದಲ್ಲಿ ಪಾಲಿನ ಮಾತೇ ಇಲ್ಲ.

ನಮ್ಮ ಜಿಲ್ಲೆಯೂ ಹೀಗಿರಲಿಲ್ಲ. 1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲೆಯ ರೈತರು ಬ್ರಿಟಿಷರಿಗೆ ಕರ ಕೊಡುವುದಿಲ್ಲ ಎಂದು ನಿಂತರು. ಭೂಮಿ ಜಪ್ತಿಯಾಯಿತು, ಪಾತ್ರೆಪಗಡ ಹರಾಜಾದವು. ಸಿದ್ದಾಪುರ ಸೀಮೆಯ ಹೆಂಗಸರು, ಹರಾಜಿನಲ್ಲಿ ಕೊಂಡವರ ಮನೆಯ ಎದುರು ಉಪವಾಸ ಕೂತರು. ಅವರನ್ನು ಬೈಯಲಿಲ್ಲ, ಅವರ ಹುಟ್ಟನ್ನು ಕೆದಕಲಿಲ್ಲ. ನಮ್ಮ ಭೂಮಿ ನೀನು ಕೊಂಡದ್ದು ನ್ಯಾಯವೇ ಹೇಳು ಎಂದು ಅಂಗಳದಲ್ಲಿ ಕೂತರು. ಮಾವಿನಗುಂಡಿಯ ಹೆಸರು ಚರಿತ್ರೆಯಲ್ಲಿ ನಿಂತಿರುವುದು ಆ ಹೆಂಗಸರ ದೆಸೆಯಿಂದ. ಅದಾದ ಮೇಲೆ ಅಂಕೋಲೆಯ ದಿನಕರ ದೇಸಾಯಿಯವರು ಗೇಣಿ ರೈತರ ಸಂಘಟನೆ ಕಟ್ಟಿದರು. ಉಳುವವನಿಗೆ ಭೂಮಿ ಎಂದು ಹೇಳಿದ್ದಕ್ಕೆ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಚುಟುಕದ ಕವಿ ಎಂದು ನಾಡಿಗೆ ಗೊತ್ತಿರುವ ಆ ಮನುಷ್ಯ 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ, ಬಡವರ ಮಕ್ಕಳಿಗೆ ಹೈಸ್ಕೂಲಿನ ಬಾಗಿಲು ತೆರೆದರು. ಎಡದ ಮಾತು ಎಂದರೆ ನಮ್ಮ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಅದು. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಅಳತೆಯ ಕೊಳಗದ ಮೇಲೆ ಶುರುವಾದ ಜಗಳ ಭೂಮಿಯ ಸತ್ಯಾಗ್ರಹವಾಯಿತು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಲ್ಲಿಯೂ ಮೂಲದಲ್ಲಿದ್ದದ್ದು ಅಳತೆ, ಲೆಕ್ಕ.

ದೇವರಾಜ ಅರಸರ ಕಾಲದ ಭೂಸುಧಾರಣೆ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ನನ್ನಪ್ಪ ‘ಡಿಕ್ಲರೇಶನ್’ ಹಾಕಿದ. ನಾನಾಗ ಎರಡನೇ ಇಯತ್ತೆ. ಭೂ ನ್ಯಾಯಮಂಡಳಿಯ ಎದುರು ಅಪ್ಪ ಒಂದು ಬದಿ, ಒಡೆಯರು ಒಂದು ಬದಿ ನಿಂತದ್ದನ್ನು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ಒಡೆಯರಿಗೆ ಸಿಟ್ಟಿತ್ತು, ಯಾಕೆ ಇರಬಾರದು? ಅವರು ಭೂಮಿ ಕಳೆದುಕೊಳ್ಳುತ್ತಿದ್ದರು. ಅಪ್ಪನಿಗೂ ಸಿಟ್ಟಿತ್ತು, ಮೂರು ತಲೆಮಾರು ಗೇಣಿ ಅಳೆದ ಸಿಟ್ಟು. ಆರೇಳು ವರ್ಷ ಎರಡು ಮನೆಗೂ ಹೋಗಿಬರುವುದು ಇರಲಿಲ್ಲ. ಆದರೆ ಒಡೆಯರು ಅಪ್ಪನನ್ನು ದೇಶದ್ರೋಹಿ ಎನ್ನಲಿಲ್ಲ. ಅಪ್ಪ ಒಡೆಯರ ದೇವರನ್ನು ಹೀಗಳೆಯಲಿಲ್ಲ. ಜಗಳ ಎರಡು ಎಕರೆ ಗದ್ದೆಯ ಮೇಲಿತ್ತು, ಗದ್ದೆಯ ಮೇಲೆಯೇ ಮುಗಿಯಿತು. ಭೂಮಿಗಾಗಿ ಎದುರುಬದುರು ನಿಂತವರಿಗೆ ಇದ್ದ ನಾಲಿಗೆಯ ಹಿಡಿತ, ಯಾವುದಕ್ಕೂ ನಿಲ್ಲದ ಇವತ್ತಿನವರಿಗೆ ಇಲ್ಲ.

1983ರಲ್ಲಿ ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಜನತಾರಂಗಕ್ಕೆ ಬಹುಮತ ಇರಲಿಲ್ಲ. ಹದಿನೆಂಟು ಶಾಸಕರ ಬಿಜೆಪಿಯೂ, ಬೆರಳೆಣಿಕೆಯ ಎಡಪಕ್ಷಗಳ ಶಾಸಕರೂ ಹೊರಗಿನಿಂದ ಬೆಂಬಲ ಕೊಟ್ಟರು. ಎಡವೂ ಬಲವೂ ಹೆಗಲು ಕೊಟ್ಟ ಆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬರು ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ‘ನೀರು ಸಾಬ್’ ಎನಿಸಿಕೊಂಡರು, ಜಿಲ್ಲಾ ಪರಿಷತ್ತುಗಳ ಕೈಗೆ ಅಧಿಕಾರ ಕೊಟ್ಟರು. ಹೆಗಡೆಯವರ ತಪ್ಪುಗಳ ಪಟ್ಟಿ ನನ್ನ ಹತ್ತಿರವೂ ಇದೆ. ಆದರೆ ಇವತ್ತು ನಮ್ಮ ಪೇಟೆಯ ವೇದಿಕೆಯಲ್ಲಿ ನಿಂತು ಸಾಬರೆಂದರೆ ಪರದೇಶದವರು ಎನ್ನುವವನಿಗೆ ನೀರು ಕುಡಿಸಿದ್ದು ಒಬ್ಬ ಸಾಬರ ಬೋರ್‌ವೆಲ್.

ಹಾಗಿದ್ದ ಜಿಲ್ಲೆಯಲ್ಲಿ ಮಾತು ಹೇಗೆ ಕೊಳೆಯಿತು? 1993ರ ಭಟ್ಕಳದ ಗಲಭೆ ತಿಂಗಳುಗಟ್ಟಲೆ ಉರಿಯಿತು, ಆ ಬೆಂಕಿಯಲ್ಲಿ ಅಡುಗೆ ಬೇಯಿಸಿಕೊಳ್ಳುವುದನ್ನು ಹಲವರು ಕಲಿತರು. ಅದನ್ನು ಬಿಟ್ಟು ನಮ್ಮ ಘಟ್ಟದ ಮೇಲಕ್ಕೂ ಹತ್ತಿಬಂದ ಸಂಗತಿಗೇ ಬರುತ್ತೇನೆ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದಲ್ಲಿ ಎರಡು ಕೋಮಿನ ನಡುವೆ ಗಲಾಟೆಯಾಯಿತು. ಎರಡು ದಿನದ ಮೇಲೆ, 8ನೇ ತಾರೀಕು, ಬಡ ಮೀನುಗಾರರ ಮನೆಯ ಹುಡುಗನೊಬ್ಬನ ಹೆಣ ಕೆರೆಯಲ್ಲಿ ಸಿಕ್ಕಿತು. ಹೆಣದ ನೀರು ಆರುವ ಮೊದಲೇ ಭಾಷಣ ಶುರುವಾಯಿತು. ಕೊಂದರು, ಕತ್ತರಿಸಿದರು, ಕುದಿಯುವ ಎಣ್ಣೆ ಸುರಿದರು ಎಂದು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಕುಮಟಾದಲ್ಲಿ ಪೊಲೀಸ್ ವಾಹನ ಉರಿಯಿತು. 12ರಂದು ಶಿರಸಿ ಬಂದ್. ಕಲ್ಲು, ಲಾಠಿ, ಅಶ್ರುವಾಯು. ಮಾರಿಕಾಂಬೆಯ ಜಾತ್ರೆಗೆ ಎಲ್ಲ ಜಾತಿ ಧರ್ಮದವರು ಅಂಗಡಿ ಹಾಕುವ ಪೇಟೆಯಲ್ಲಿ ಅಂಗಡಿಯ ಹೆಸರು ಓದಿ ಕಲ್ಲು ಎಸೆದರು. ಐದು ತಿಂಗಳಿಗೆ ವಿಧಾನಸಭಾ ಚುನಾವಣೆ ಬಂತು. 2013ರಲ್ಲಿ ಜಿಲ್ಲೆಯ ಆರು ಸ್ಥಾನಗಳಲ್ಲಿ ಒಂದೇ ಒಂದನ್ನು ಗೆದ್ದಿದ್ದ ಬಿಜೆಪಿ, 2018ರಲ್ಲಿ ನಾಲ್ಕು ಗೆದ್ದಿತು.

ಪ್ರಕರಣ ಸಿಬಿಐಗೆ ಹೋಯಿತು. 2022ರ ಅಕ್ಟೋಬರ್‌ನಲ್ಲಿ ಸಿಬಿಐ ನ್ಯಾಯಾಲಯಕ್ಕೆ ಕೊಟ್ಟ ವರದಿ ಹೇಳಿದ್ದು ಇಷ್ಟು: ಇದು ಕೊಲೆಯಲ್ಲ, ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಬಂದ ಸಾವು. ಆಗ ದಿಲ್ಲಿಯಲ್ಲೂ ಬಿಜೆಪಿ ಸರ್ಕಾರ, ಬೆಂಗಳೂರಿನಲ್ಲೂ ಬಿಜೆಪಿ ಸರ್ಕಾರ. ಮಗನನ್ನು ಕಳೆದುಕೊಂಡ ಅಪ್ಪನಿಗೆ ವರದಿಯನ್ನು ಒಪ್ಪದಿರುವ ಹಕ್ಕಿದೆ, ಅವನ ದುಃಖಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಆ ಹೆಣದ ಮೇಲೆ ನಿಂತು ಮೈಕು ಹಿಡಿದವರಲ್ಲಿ ಎಷ್ಟು ಜನ ಮತ್ತೆ ಅದೇ ವೇದಿಕೆ ಹತ್ತಿ, ನಾವು ಹೇಳಿದ್ದಕ್ಕೆ ಆಧಾರ ಇರಲಿಲ್ಲ, ನಮ್ಮ ಮಾತು ಕೇಳಿ ಕಲ್ಲು ಎತ್ತಿದ ಹುಡುಗರೇ, ಕ್ಷಮಿಸಿ ಎಂದರು? ನಾನು ಒಬ್ಬರ ಬಾಯಲ್ಲೂ ಕೇಳಲಿಲ್ಲ. ಕಲ್ಲು ಎತ್ತಿದವರು ಯಾರ ಮಕ್ಕಳು? ಗಾರೆ ಕೆಲಸದವರ, ರಿಕ್ಷಾದವರ, ಕೂಲಿಯವರ ಮಕ್ಕಳು. ಕೇಸಿನ ತಾರೀಕಿಗೆ ಕೂಲಿ ಬಿಟ್ಟು ಕೋರ್ಟಿನ ಕಟ್ಟೆಯ ಮೇಲೆ ಕೂತವರು ಅವರು. ಭಾಷಣ ಮಾಡಿದವರ ಮಕ್ಕಳು ಬೆಂಗಳೂರಿನಲ್ಲಿ, ಅದರಾಚೆಯ ದೇಶಗಳಲ್ಲಿ ಓದುತ್ತಿದ್ದರು. ಸುಳ್ಳು ಹೇಳಿ ಗೆದ್ದದ್ದಕ್ಕೆ ಈ ನಾಡಿನಲ್ಲಿ ಶಿಕ್ಷೆಯಿಲ್ಲ, ಸುಳ್ಳು ನಂಬಿದ್ದಕ್ಕೆ ಇದೆ.

ಅನಂತಕುಮಾರ ಹೆಗಡೆಯವರನ್ನು ಈ ಜಿಲ್ಲೆ ಆರು ಸಲ ಲೋಕಸಭೆಗೆ ಕಳಿಸಿತು. 2019ರಲ್ಲಿ ನಾಲ್ಕೂ ಮುಕ್ಕಾಲು ಲಕ್ಷ ಮತಗಳ ಅಂತರ ಕೊಟ್ಟಿತು. ಇಷ್ಟು ಪ್ರೀತಿಯನ್ನು ಈ ಜನ ಯಾರಿಗೂ ಕೊಟ್ಟಿರಲಿಲ್ಲ. 2017ರಲ್ಲಿ ಅವರು ಕೇಂದ್ರದಲ್ಲಿ ಕೌಶಲ್ಯಾಭಿವೃದ್ಧಿಯ ರಾಜ್ಯ ಮಂತ್ರಿ. ಹುಡುಗರಿಗೆ ಕೆಲಸ ಕಲಿಸುವ ಖಾತೆ. ಆ ಮಂತ್ರಿಯ ಹೆಸರು ದೇಶಕ್ಕೆಲ್ಲ ಕೇಳಿದ್ದು ಯಾವುದಕ್ಕೆ? ಕೊಪ್ಪಳ ಜಿಲ್ಲೆಯ ಕುಕನೂರಿನಲ್ಲಿ, ಜಾತ್ಯತೀತರು ಎಂದು ಹೇಳಿಕೊಳ್ಳುವವರಿಗೆ ತಮ್ಮ ಹುಟ್ಟಿನ ಗುರುತಿಲ್ಲ ಎಂದದ್ದಕ್ಕೆ, ನಾವು ಬಂದಿರುವುದೇ ಸಂವಿಧಾನ ಬದಲಿಸಲು ಎಂದದ್ದಕ್ಕೆ. ಲೋಕಸಭೆಯಲ್ಲಿ ವಿಷಾದ ಹೇಳಬೇಕಾಯಿತು. 2024ರ ಮಾರ್ಚ್‌ನಲ್ಲಿ ಮತ್ತೆ ಅದೇ ಮಾತು: ಸಂವಿಧಾನ ತಿದ್ದಲು ನಾನೂರು ಸ್ಥಾನ ಬೇಕು. ಪಕ್ಷ ಅದು ಅವರ ಸ್ವಂತ ಮಾತು ಎಂದು ಕೈತೊಳೆದುಕೊಂಡಿತು, ಟಿಕೆಟ್ಟನ್ನು ವಿಶ್ವೇಶ್ವರ ಹೆಗಡೆ ಕಾಗೇರಿಯವರಿಗೆ ಕೊಟ್ಟಿತು. ಕಾಗೇರಿ ಗೆದ್ದರು.

ನನ್ನಪ್ಪನಿಗೆ ಗದ್ದೆ ಕೊಟ್ಟ ಕಾಯ್ದೆ ನಿಂತಿರುವುದು ಆ ಸಂವಿಧಾನದ ಮೇಲೆ. ನಮ್ಮ ಅಂಗಳದಲ್ಲಿ ಪಕ್ಕಕ್ಕೆ ಕೂತು ಅಡಿಕೆ ಸುಲಿಯುವ ಸಿದ್ದಿಯವರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು ಆ ಸಂವಿಧಾನದ ಕೆಳಗೆ. ಯಲ್ಲಾಪುರ, ಹಳಿಯಾಳದ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಒಂದೇ ಬಣ್ಣ, ಒಂದೇ ಡಮಾಮಿಯ ಕುಣಿತ. ಇವರನ್ನು ಯಾವ ಗೆರೆಯ ಆಚೆ ಹಾಕುತ್ತೀರಿ? ಇಪ್ಪತ್ತಕ್ಕೂ ಹೆಚ್ಚು ವರ್ಷ ಸಂಸದರಾಗಿದ್ದವರನ್ನು, ಘಟ್ಟದ ಮೇಲಿನವರ ಜೀವ ಉಳಿಸುವ ಆಸ್ಪತ್ರೆ ಎಲ್ಲಿ ಸ್ವಾಮೀ ಎಂದು ಕೇಳಬೇಕಾದ ಬಾಯಿಗಳು ಜೈಕಾರದಲ್ಲಿ ತುಂಬಿಹೋಗಿದ್ದವು. ಆ ಮಾತುಗಳ ಕೆಲಸವೇ ಅದು. ಲೆಕ್ಕ ಕೇಳುವ ಹೊತ್ತಿಗೆ ಸರಿಯಾಗಿ ಒಂದು ಶತ್ರುವನ್ನು ತೋರಿಸುವುದು.

ಈಗ ನನ್ನ ಕಡೆಯವರಿಗೆ ಬರುತ್ತೇನೆ. ನಾನು ಬಂಡಾಯದ ಬರಹಗಾರ. 1979ರಲ್ಲಿ ಬಂಡಾಯ ಸಂಘಟನೆ ಹುಟ್ಟಿದ ಮೇಲೆ ಅದರ ನೆರಳಿನಲ್ಲಿ ಬೆಳೆದವನು. ನನ್ನ ಎಡದ ಗೆಳೆಯರನ್ನು ಪ್ರೀತಿಯಿಂದಲೇ ದೂರುತ್ತೇನೆ, ಆದರೆ ದೂರುತ್ತೇನೆ.

ತೊಂಬತ್ತರ ದಶಕದಲ್ಲಿ ಪೇಟೆಯಲ್ಲಿ ಅತಿಕ್ರಮಣ ಜಮೀನಿನ ಸಕ್ರಮದ ಬಗ್ಗೆ ಒಂದು ಸಭೆ ಇತ್ತು. ನನ್ನ ಅಮ್ಮನನ್ನು ನಾನೇ ಕರೆದುಕೊಂಡು ಹೋಗಿದ್ದೆ. ಅಪ್ಪನಿಗೆ ಗೇಣಿ ಗದ್ದೆ ಸಿಕ್ಕಿತ್ತು ನಿಜ, ಮನೆ ಮತ್ತು ಅದರ ಹಿಂದಿನ ತುಂಡು ತೋಟ ಇರುವುದು ಅರಣ್ಯದ ಸರ್ವೆ ನಂಬರಿನಲ್ಲಿ. 1978ರ ಏಪ್ರಿಲ್ 27ಕ್ಕಿಂತ ಮೊದಲು ಸಾಗುವಳಿ ಮಾಡಿದ್ದೀರಿ ಎಂದು ತೋರಿಸಿ ಎಂದು ಇಲಾಖೆ ಕೇಳುತ್ತಿದ್ದ ಕಾಲ. ಅಮ್ಮ ಸೀರೆಯ ಸೆರಗಿನಲ್ಲಿ ದಂಡ ಕಟ್ಟಿದ ರಸೀದಿ ಸುತ್ತಿಕೊಂಡು ಬಂದಿದ್ದಳು. ದೂರದಿಂದ ಬಂದ ಭಾಷಣಕಾರರು ಬಂಡವಾಳಶಾಹಿಯಿಂದ ಶುರುಮಾಡಿ ವೈದಿಕಶಾಹಿಗೆ ಬಂದು, ಅಲ್ಲಿಂದ ಚಂದಗುಳಿಯ ಗಂಟೆಗಳಿಗೆ ಬಂದರು. ಆ ಗಂಟೆಗಳನ್ನೆಲ್ಲ ಕರಗಿಸಿದರೆ ಎಷ್ಟು ಹಿತ್ತಾಳೆ ಆಗುತ್ತದೆ, ಅದನ್ನು ಕಟ್ಟುವವರ ತಲೆಯಲ್ಲಿ ಎಷ್ಟು ಮೌಢ್ಯ ತುಂಬಿದೆ ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಪಕ್ಕದಲ್ಲಿ ಅಮ್ಮ ಇದ್ದಳು. ನನ್ನ ತಮ್ಮ ಜ್ವರದಲ್ಲಿ ಕೈಬಿಟ್ಟು ಹೋಗುತ್ತಿದ್ದಾಗ ಹರಕೆ ಹೊತ್ತು, ಅವನು ಉಳಿದ ಮೇಲೆ ಅಂಗೈಯಷ್ಟು ಗಂಟೆ ಕಟ್ಟಿದವಳು. ಎದ್ದು ನಿಂತಳು. ‘ಅವ್ರು ಬಂದದ್ದು ನಮ್ಮ ಜಮೀನಿನ ಮಾತಾಡೂಕೋ, ನನ್ನ ಗಂಟೆ ಮಾತಾಡೂಕೋ?’ ಎಂದು ನನ್ನನ್ನು ಕೇಳಿದಳು. ರಸೀದಿಯ ಗಂಟು ಬಿಚ್ಚದೆಯೇ ಬಸ್ಸು ಹತ್ತಿದಳು. ಮತ್ತೆ ನಮ್ಮ ಯಾವ ಸಭೆಗೂ ಬರಲಿಲ್ಲ.

ಹತ್ತು ವರ್ಷದ ಮೇಲೆ ಬೇರೆಯವರು ಬಂದರು. ಅಮ್ಮಾ, ನಿನ್ನ ಗಂಟೆಗೆ ಅಪಾಯ ಇದೆ, ಅದನ್ನು ನಾವು ಕಾಯುತ್ತೇವೆ ಎಂದರು. ಅವಳು ಅವರನ್ನು ಜಗಲಿಯಲ್ಲಿ ಕೂರಿಸಿ ಕವಳದ ಬಟ್ಟಲು ಮುಂದಿಟ್ಟಳು. ಅವರೂ ರಸೀದಿಯ ವಿಚಾರ ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ, ಯಾಕೆಂದರೆ ಅವಳ ನೋವಿರುವ ಜಾಗವನ್ನು ನಾವೇ ಮುಟ್ಟಿ ಕೊಟ್ಟಿದ್ದೆವು. ಈ ಜಿಲ್ಲೆಯಲ್ಲಿ ಎಡ ಸೋತದ್ದು ಬಲದವರ ಬಲದಿಂದ ಮಾತ್ರ ಅಲ್ಲ. ದಿನಕರ ದೇಸಾಯಿಯವರ ದಾರಿ ಬಿಟ್ಟು ಸಭಾಂಗಣಕ್ಕೆ ಸೇರಿಕೊಂಡದ್ದರಿಂದ, ಹವ್ಯಕರೆಲ್ಲ ಶತ್ರು, ಭಕ್ತರೆಲ್ಲ ದಡ್ಡರು ಎಂದು ಒಂದೇ ಏಟಿಗೆ ಅಳೆದದ್ದರಿಂದ, ಆಳುವವರನ್ನು ಕೇಳಬೇಕಾದ ಕಟುವಾದ ಮಾತನ್ನು ಗಂಟೆ ಕಟ್ಟುವ ಹೆಂಗಸಿಗೆ ಆಡಿದ್ದರಿಂದ. ಬಂಡಾಯ ಎಂದರೆ ಬಲವಿದ್ದವನ ಎದುರು ಬಾಯಿ ಬಿಡುವುದು. ಬಡವಿಯ ಎದುರು ಜೋರು ಮಾಡುವುದಕ್ಕೆ ಬೇರೆ ಹೆಸರಿದೆ.

ಆ ರಸೀದಿ ಏನಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಎಡಪಕ್ಷಗಳ ಒತ್ತಡ ಅದರ ಹಿಂದಿತ್ತು, ಆ ಋಣವನ್ನು ನಾನು ಮರೆಯುವುದಿಲ್ಲ. ಆದರೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಇದ್ದುದಕ್ಕೆ ಪುರಾವೆ ಕೊಡಬೇಕು. 1930ರಲ್ಲಿ ನನ್ನ ಮುತ್ತಜ್ಜ ಕಾಡಿನ ಅಂಚಿನಲ್ಲಿ ಗುಡಿಸಲು ಕಟ್ಟಿದ್ದಕ್ಕೆ ಯಾವ ಕಾಗದ? ಜಿಲ್ಲೆಯಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಅರ್ಜಿ ಹಾಕಿದವು, ಬಹುಪಾಲು ತಿರಸ್ಕಾರವಾದವು. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು, ತಿರಸ್ಕೃತರನ್ನು ಒಕ್ಕಲೆಬ್ಬಿಸಿ ಎಂದಿತು. ಹದಿನೈದು ದಿನದ ಮೇಲೆ ಆ ಆದೇಶವನ್ನು ತಾನೇ ತಡೆಹಿಡಿಯಿತು. ಅಮ್ಮ ಆ ಹದಿನೈದು ದಿನ ನಿದ್ದೆ ಮಾಡಲಿಲ್ಲ. ಅದೇ ಹದಿನೈದು ದಿನ ನನ್ನ ಮೊಬೈಲಿಗೆ ಬಂದ ರಾಜಕೀಯದ ಸಂದೇಶಗಳಲ್ಲಿ ಒಂದೂ ಅದರ ಬಗ್ಗೆ ಇರಲಿಲ್ಲ. ಎಲ್ಲ ಪಾಕಿಸ್ತಾನದ ಬಗ್ಗೆ ಇದ್ದವು. ಈ ಕಾಯ್ದೆ ಬಂದ ಮೇಲೆ ಬೆಂಗಳೂರಿನಲ್ಲಿ ಕಾಂಗ್ರೆಸ್ಸೂ ಆಳಿದೆ, ಬಿಜೆಪಿಯೂ ಆಳಿದೆ, ಜನತಾದಳವೂ ಪಾಲು ಪಡೆದಿದೆ. ಅಮ್ಮನ ಅರ್ಜಿಯ ಕಡತ ಯಾರ ಕಾಲದಲ್ಲೂ ಮೇಜಿನಿಂದ ಮೇಜಿಗೆ ಸರಿಯಲಿಲ್ಲ.

ಎಡಬಲ ಇಲ್ಲದೆ ನಮ್ಮ ಜನ ಒಟ್ಟಾದದ್ದೂ ಉಂಟು, ಅದನ್ನು ಮರೆತರೆ ಸುಳ್ಳು ಹೇಳಿದಂತೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಕಡೆಯವರು ಕಳಸೆಯ ಕಾಡಿಗೆ ನುಗ್ಗಿ ಮರ ಅಪ್ಪಿಕೊಂಡರು. ಕೊಡಲಿ ನಿಂತಿತು, ಅಪ್ಪಿಕೋ ಎಂಬ ಹೆಸರು ನಾಡಿಗೆಲ್ಲ ಹರಡಿತು. ಅದಕ್ಕೂ ಮೊದಲು ಬೇಡ್ತಿಗೆ ಅಣೆಕಟ್ಟು ಬೇಡ ಎಂದು ರೈತರು, ವಿಜ್ಞಾನಿಗಳು ಒಟ್ಟಿಗೆ ಕೂತು ಲೆಕ್ಕ ಹಾಕಿದರು. ಎಷ್ಟು ತೋಟ ಮುಳುಗುತ್ತದೆ, ಎಷ್ಟು ವಿದ್ಯುತ್ ಬರುತ್ತದೆ, ಯಾವುದಕ್ಕೆ ಬೆಲೆ ಜಾಸ್ತಿ? ಸರ್ಕಾರದ ಹತ್ತಿರ ಉತ್ತರ ಇರಲಿಲ್ಲ, ಯೋಜನೆ ನಿಂತಿತು. ಆ ಹೋರಾಟದಲ್ಲಿ ಯಾರೂ ಯಾರನ್ನೂ ನಗರ ನಕ್ಸಲ ಎನ್ನಲಿಲ್ಲ. 1989ರಲ್ಲಿ ಶಿವರಾಮ ಕಾರಂತರು ಪರಿಸರದ ಮಾತು ಹಿಡಿದು ಇದೇ ಲೋಕಸಭಾ ಕ್ಷೇತ್ರದಲ್ಲಿ ನಿಂತರು, ಸೋತರು. ಕೈಗಾ ಅಣುಸ್ಥಾವರದ ಬಗ್ಗೆ ಅವರು ಕೇಳಿದ ಪ್ರಶ್ನೆಗಳು ಅವರ ಜೊತೆ ಸೋಲಲಿಲ್ಲ. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟವೇ ಕುಸಿದು ಬಿತ್ತು.

2021ರ ಜುಲೈಯಲ್ಲಿ ನಮ್ಮ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜಾರಿ ತೋಟಗಳು ಮಣ್ಣಾದವು, ಗುಳ್ಳಾಪುರದ ಸೇತುವೆ ಗಂಗಾವಳಿಯಲ್ಲಿ ಕೊಚ್ಚಿಹೋಯಿತು. ಮಣ್ಣಿನಡಿ ಹೋದ ತೋಟದ ಯಜಮಾನ ಯಾವ ಪಕ್ಷದವನು ಎಂದು ಗುಡ್ಡ ಕೇಳಲಿಲ್ಲ.

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಕುಂದಾಪುರದ ಕಡೆ ಹೋಗುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ಕು ಜನ ಸತ್ತರು. ಆಸ್ಪತ್ರೆ ಕೊಡದಿದ್ದರೆ ಮತವಿಲ್ಲ ಎಂದು ನಮ್ಮ ಹುಡುಗರು ಮೊಬೈಲಿನಲ್ಲೇ ಎದ್ದು ನಿಂತರು. ಮೊಬೈಲಿಗೆ ಬೈಯುವ ನಾನು ಆ ದಿನ ಅದಕ್ಕೆ ಕೈಮುಗಿದೆ. ಎರಡೂ ಪಕ್ಷದವರು ಮಾತು ಕೊಟ್ಟರು. ಚುನಾವಣೆ ಬಂತು, ಮತ್ತೆ ಭಕ್ತ, ಗುಲಾಮ, ಹುಟ್ಟು, ಧರ್ಮ. ಹುಡುಗರು ಚದುರಿದರು.

ಅದಾದ ಮೇಲೆ ಒಂದು ಮಳೆಗಾಲದ ರಾತ್ರಿ ಕೆಳಗಿನಮನೆಯವನ ಬಲಗೈ, ಬಲಗಾಲು ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು. ಜೀಪು ಇದ್ದದ್ದು ಮೇಲಿನಮನೆಯಲ್ಲಿ. ಯಜಮಾನ ಹೊರಗೆ ಬರಲಿಲ್ಲ, ಮಗ ಕೀಲಿಕೈ ತಗೊಂಡು ಓಡಿಬಂದ. ತಾಲ್ಲೂಕಿನ ಪೇಟೆಯಲ್ಲಿ ನೋಡಿದವರು ‘ಹುಬ್ಬಳ್ಳಿಗೆ ಒಯ್ಯಿ’ ಎಂದರು. ಈ ಸೀಮೆಯಲ್ಲಿ ಹುಟ್ಟಿದವರೆಲ್ಲ ಒಮ್ಮೆಯಾದರೂ ಕೇಳಿರುವ ಮಾತು ಅದು. ಎಪ್ಪತ್ತು ಕಿಲೋಮೀಟರ್. ಮಳೆ, ಹೊಂಡ, ಎದುರಿನಿಂದ ಸಾಲು ಸಾಲು ಲಾರಿ. ನನ್ನ ತೊಡೆಯ ಮೇಲೆ ಅವನ ತಲೆ. ಅವನ ಅಂಗಿ ಜೇಬಿನಲ್ಲಿ ಮೊಬೈಲು ಮತ್ತೆ ಮತ್ತೆ ನಡುಗುತ್ತಿತ್ತು. ಮನೆಯವರಿರಬಹುದು ಎಂದು ತೆಗೆದು ನೋಡಿದೆ. ಯಾವುದೋ ಗುಂಪಿನ ಸಂದೇಶಗಳು, ಯಾರೋ ಯಾರನ್ನೋ ಗುಲಾಮ ಎಂದು ಬೈಯುತ್ತಿದ್ದರು. ಕಿರವತ್ತಿ ದಾಟಿ ಸ್ವಲ್ಪ ದೂರಕ್ಕೆ ಅವನ ಉಸಿರು ನಿಂತಿತು. ಮೇಲಿನಮನೆಯ ಹುಡುಗ ರಸ್ತೆಬದಿಗೆ ಜೀಪು ನಿಲ್ಲಿಸಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತ.

ಮೂರನೆಯ ದಿನ ಮೇಲಿನಮನೆಯವನು ಬಂದ. ಅಂಗಳ ದಾಟಲಿಲ್ಲ, ಮೆಟ್ಟುಗತ್ತಿ ಒರಗಿಸಿಟ್ಟ ಗೋಡೆಯ ಹತ್ತಿರ ನಿಂತಿದ್ದ. ‘ಮಾತಾಡಬೇಕಿತ್ತು ಮಾರಾಯ, ಒಂದು ಸಲ’ ಎಂದು ನನ್ನ ಹತ್ತಿರ ಹೇಳಿದ. ನಾನು ಉತ್ತರ ಕೊಡಲಿಲ್ಲ.

ಇದನ್ನು ಓದುತ್ತಿರುವ ನನ್ನ ಸೀಮೆಯವರೇ, ಶಿರಸಿಯವರೇ, ಸಿದ್ದಾಪುರ, ಯಲ್ಲಾಪುರದವರೇ, ಇನ್ನು ಮುಂದೆ ನಿಮ್ಮೂರಿಗೆ ಯಾವ ಬಣ್ಣದ ಶಾಲಿನವನು ಬಂದರೂ ಅವನನ್ನು ವೇದಿಕೆ ಹತ್ತಿಸಬೇಡಿ. ಅಡಿಕೆ ಸುಲಿಯುವ ಅಂಗಳದಲ್ಲಿ ಕೂರಿಸಿ. ಅವನ ಡಬ್ಬ ಅಳೆಯಿರಿ. ಅರಣ್ಯ ಹಕ್ಕಿನ ಕಡತ ಎಲ್ಲಿದೆ, ಆಸ್ಪತ್ರೆಗೆ ಎಷ್ಟು ಹಣ ಯಾವ ವರ್ಷ ಬಂತು, ಕಳಚೆಯವರಿಗೆ ಕೊಟ್ಟ ಮಾತು ಏನಾಯಿತು ಎಂದು ಕೇಳಿ. ಅವನು ನಿಮ್ಮ ದೇವರ ಹೆಸರು ಎತ್ತಿದರೆ, ನಿಮ್ಮ ಪಕ್ಕದ ಮನೆಯವನನ್ನು ಬೈದರೆ, ಇವನ ಹತ್ತಿರ ಲೆಕ್ಕ ಇಲ್ಲ ಎಂದು ತಿಳಿಯಿರಿ. ಅವನು ಎಡದವನಾದರೂ ಸರಿ, ಬಲದವನಾದರೂ ಸರಿ.

ನಾನು ಇದನ್ನು ಬರೆಯುತ್ತಿರುವ ಈ ಹೊತ್ತಿಗೂ, ಚಂದಗುಳಿಯಲ್ಲಿ ರಾತ್ರಿ ಯಾರಿಗಾದರೂ ಕೈಕಾಲು ಬಿದ್ದರೆ ದಾರಿ ಹುಬ್ಬಳ್ಳಿಗೇ.